ಭಗತ್ ಸಿಂಗ್ ಎರವಲು ಕೇಳಿದ ಪುಸ್ತಕಗಳು

1930ರ ಜುಲೈ 24. ಲಾಹೋರ್ ಪಿತೂರಿ ಮೊಕದ್ದಮೆಯ ವಿಚಾರಣೆ ನಡೆದಿತ್ತು. ಜೈಲಿನಲ್ಲಿದ್ದ ಭಗತ್ ಸಿಂಗ್ ಗೆಳೆಯ ಜೈದೇವ್ ಗುಪ್ತನಿಗೆ ಕಾಗದ ಬರೆದು, ಕೆಲವು ಪುಸ್ತಕಗಳನ್ನು ದ್ವಾರಕಾದಾಸ್ ಲೈಬ್ರರಿಯಿಂದ ‘ನನ್ನ ಹೆಸರಿನಲ್ಲಿ’ ಪಡೆದು ಭಾನುವಾರ ತಮ್ಮ ಕುಲಬೀರನ ಕೈಯಲ್ಲಿ ಕಳಿಸು ಎಂದು ಕೇಳಿದ. ನೇಣು ಎದುರಿಗಿದ್ದರೂ ಲೈಬ್ರರಿಯ ಲೆಕ್ಕ ಮುಚ್ಚಿರಲಿಲ್ಲ! ಪಟ್ಟಿಯಲ್ಲಿ ರಷ್ಯಾದ ಕ್ರೊಪೋಟ್‌ಕಿನ್, ಜರ್ಮನಿಯ ಮಾರ್ಕ್ಸ್ ಮತ್ತು ಲೀಬ್‌ನೆಕ್ಟ್, ಇಂಗ್ಲೆಂಡಿನ ಬರ್ಟ್ರಂಡ್ ರಸೆಲ್, ಅಮೆರಿಕದ ಅಪ್ಟನ್ ಸಿಂಕ್ಲೇರ್ ಇದ್ದರು.

ಬ್ರಿಟಿಷರ ಪಂಜಾಬಿನಲ್ಲಿ ಇಂಥ ಪುಸ್ತಕಗಳು ಸಿಕ್ಕಿದ್ದು ಹೇಗೆ? 1878ರ ಸಮುದ್ರ ಸುಂಕ ಕಾಯ್ದೆಯ ಬಲದಿಂದ ತನಗೆ ಬೇಡವಾದ ವಿದೇಶಿ ಪುಸ್ತಕವನ್ನು ಸರ್ಕಾರ ಬಂದರಿನಲ್ಲೇ ತಡೆಯಬಹುದಿತ್ತು. ಆದರೂ ಸಾಕಷ್ಟು ಪುಸ್ತಕಗಳು ಒಳಬಂದವು. ಲಾಹೋರಿನಲ್ಲಿ 1882ರಿಂದ ಸರ್ಕಾರದ ವಿಶ್ವವಿದ್ಯಾಲಯವಿತ್ತು. ಅಸಹಕಾರ ಚಳವಳಿಯಲ್ಲಿ ಸರ್ಕಾರಿ ಶಿಕ್ಷಣ ತೊರೆದ ಹುಡುಗರಿಗಾಗಿ 1921ರಲ್ಲಿ ಅದೇ ಊರಿನಲ್ಲಿ ನ್ಯಾಷನಲ್ ಕಾಲೇಜು ಹುಟ್ಟಿತು. ಭಗತ್ ಸಿಂಗ್ ಅಲ್ಲಿಯ ವಿದ್ಯಾರ್ಥಿ. ಲಾಲಾ ಲಜಪತ ರಾಯ್ ಅವರು ತಮ್ಮ ಸ್ವಂತ ಪುಸ್ತಕಗಳನ್ನು ಕೊಟ್ಟು ಕಟ್ಟಿದ ದ್ವಾರಕಾದಾಸ್ ಲೈಬ್ರರಿ ಈ ಹುಡುಗರಿಗೆ ಎರಡನೆಯ ಕಾಲೇಜಾಯಿತು. ಲಾಲಾಜಿಯವರ ರಾಜಕೀಯ ಬೇರೆ, ಹುಡುಗರದು ಬೇರೆ. ಆದರೂ ಕಪಾಟಿಗೆ ಬೀಗ ಬೀಳಲಿಲ್ಲ. ಹಿರಿಯರಲ್ಲಿ ಇದು ಅಪರೂಪದ ಗುಣ.

ಪುಸ್ತಕ ಓದಿ ಮಗ ದಾರಿ ತಪ್ಪಿದರೆ ಎಂಬ ತಂದೆ-ತಾಯಿಯರ ಆತಂಕ ಸುಳ್ಳೇನಲ್ಲ. 1893ರಲ್ಲಿ ಫ್ರಾನ್ಸಿನ ಸಂಸತ್ತಿನೊಳಗೆ ಬಾಂಬು ಎಸೆದ ವೈಲ್ಯಾನ ಕೋರ್ಟಿನ ಹೇಳಿಕೆಯನ್ನು ಭಗತ್ ಸಿಂಗ್ ಓದಿದ್ದು ಈ ಲೈಬ್ರರಿಯ ಪುಸ್ತಕದಲ್ಲೇ ಎಂದು ಅಲ್ಲಿಯ ಗ್ರಂಥಪಾಲಕ ರಾಜಾರಾಂ ಶಾಸ್ತ್ರಿಯವರು ನೆನೆದಿದ್ದಾರೆ. 1929ರ ಏಪ್ರಿಲ್ 8ರಂದು ದೆಹಲಿಯ ಶಾಸನಸಭೆಯಲ್ಲಿ ಬಾಂಬಿನ ಜತೆ ಎಸೆದ ಕರಪತ್ರದಲ್ಲಿ ಅದೇ ವೈಲ್ಯಾನ ಹೆಸರಿತ್ತು.

ಆದರೆ ಓದು ಅಲ್ಲಿಗೇ ನಿಲ್ಲಲಿಲ್ಲ. ಜೈಲಿನಲ್ಲಿ ಅವನಿಗೆ ಸಿಕ್ಕಿದ 404 ಪುಟಗಳ ನೋಟುಬುಕ್ಕಿನಲ್ಲಿ ಇತಿಹಾಸ, ಕಾನೂನು, ಅರ್ಥಶಾಸ್ತ್ರ, ಕಾವ್ಯ ಎಲ್ಲದರ ಟಿಪ್ಪಣಿಗಳಿವೆ. ನೇಣಿಗೆ ಏಳು ವಾರ ಮೊದಲು, 1931ರ ಫೆಬ್ರುವರಿ 2ರಂದು, ಯುವ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ ಅವನೇ ಹೇಳುತ್ತಾನೆ: ಬಾಂಬಿನ ದಾರಿಯಿಂದ ಏನೂ ಸಿಗದು, ರೈತರನ್ನೂ ಕಾರ್ಮಿಕರನ್ನೂ ಸಂಘಟಿಸಬೇಕು. ಬಾಂಬಿನತ್ತ ಒಯ್ದ ಕಪಾಟಿನ ಪುಸ್ತಕಗಳೇ ಅವನನ್ನು ಬಾಂಬಿನಾಚೆಗೂ ಒಯ್ದವು. ಮೊದಲ ಪುಸ್ತಕಕ್ಕೇ ಯಾರಾದರೂ ಅಡ್ಡ ನಿಂತಿದ್ದರೆ?

ದೇಶ ವಿಭಜನೆಯಾದ ಮೇಲೆ ಲೈಬ್ರರಿ ಲಾಹೋರ್ ಬಿಟ್ಟು ಬಂತು. ಈಗ ಅದು ಚಂಡೀಗಡದ ಲಜಪತ ರಾಯ್ ಭವನದಲ್ಲಿದೆ.