ಕಿವಿಯಿಂದ ಕಾಣುವ ಕುಲ

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಬಾವಿ ತೋಡುವವರ ಪಿಕ್ಕಾಸಿಗೆ ಮೊದಲು ಎದುರಾಗುವುದು ಮುರಕಲ್ಲು. ಅದರಡಿಯಲ್ಲಿ ಗಟ್ಟಿಯಾದ ಬಂಡೆ. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಸುರಂಗದಿಂದ ನೀರು ತಂದ ಜನರೂ ಈ ನಾಡಿನವರೇ. ತಲೆಮಾರುಗಳಿಂದ ನೆಲವನ್ನು ಅಗೆದರೂ ಪುರಾತನ ಪ್ರಾಣಿಯ ಎಲುಬು ಅವರ ಕೈಗೆ ಹತ್ತದಿದ್ದರೆ ಅದು ಅವರ ದುರದೃಷ್ಟವಲ್ಲ. ಇಲ್ಲಿಯ ತಳಬಂಡೆ ಬಹುಮಟ್ಟಿಗೆ ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಳೆಯದು. ಅದು ರೂಪುಗೊಂಡಾಗ ಭೂಮಿಯ ಮೇಲೆ ಎಲುಬೆಂಬುದೇ ಹುಟ್ಟಿರಲಿಲ್ಲ. ಮೇಲಿನ ಮುರಕಲ್ಲಾದರೋ, ಮಳೆನೀರು ಬಂಡೆಯ ಸಾರವನ್ನೆಲ್ಲ ತೊಳೆದೊಯ್ದ ಮೇಲೆ ಉಳಿದುದು. ಎಲುಬನ್ನು ಕಾಪಾಡುವ ಗುಣ ಅದಕ್ಕಿಲ್ಲ.

ಆದರೆ ಕಾಲಡಿಯ ನೆಲದಲ್ಲಿ ಇಲ್ಲದ್ದನ್ನು ತಿಳಿಯಬಾರದೆಂದೇನೂ ಇಲ್ಲ. ಇದೇ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದು ಜಗತ್ತನ್ನೇ ಕನ್ನಡಿಗರ ಮನೆಯಂಗಳಕ್ಕೆ ತಂದರು. ಆ ಅಂಗಳದಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ, ತಿಮಿಂಗಿಲ ಮತ್ತು ಡಾಲ್ಫಿನ್ನುಗಳ ವಂಶಕಥೆಯ ಮೊದಲ ಪುಟಗಳು ಭಾರತದ ಕಲ್ಲುಗಳಲ್ಲಿಯೇ ಕಾಣಸಿಗುತ್ತವೆ. ಸೋಜಿಗವೆಂದರೆ, ಅದು ಬಹುಮಟ್ಟಿಗೆ ಕಿವಿಯ ಕಥೆ.

ಜಮ್ಮುವಿನ ಕಾಲಾಕೋಟ್ ಪ್ರದೇಶದಲ್ಲಿ ಸಿಕ್ಕಿದ ಸಣ್ಣ ಪ್ರಾಣಿಯೊಂದರ ಪಳೆಯುಳಿಕೆಗೆ ಭೂವಿಜ್ಞಾನಿ ಎ. ರಂಗರಾವ್ ಅವರು ೧೯೭೧ರಲ್ಲಿ ‘ಇಂಡೋಹ್ಯುಸ್’ ಎಂದು ಹೆಸರಿಟ್ಟರು. ಅವರು ಕೂಡಿಸಿದ್ದ ಕಲ್ಲುಗಳಲ್ಲಿ ಬಹಳಷ್ಟು ಒಡೆದು ನೋಡದೆಯೇ ಉಳಿದುವು. ಅವರ ಮರಣಾನಂತರ ಪತ್ನಿ ಅವನ್ನು ಜೋಪಾನವಾಗಿಟ್ಟಿದ್ದು, ಅಮೆರಿಕದ ಸಂಶೋಧಕ ಹಾನ್ಸ್ ಥೆವಿಸ್ಸನ್ನರಿಗೆ ಒಪ್ಪಿಸಿದರು. ಕಲ್ಲನ್ನು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಎಲುಬು ಅಕಸ್ಮಾತ್ತಾಗಿ ಮುರಿಯಿತು. ಮುರಿದುದೇ ಒಳಿತಾಯಿತು! ಅದರ ಒಳಗೋಡೆ ತಿಮಿಂಗಿಲಗಳ ಕಿವಿಯಲ್ಲಿರುವಂತೆಯೇ ದಪ್ಪವಾಗಿತ್ತು. ಸುಮಾರು ೪.೮ ಕೋಟಿ ವರ್ಷಗಳ ಹಿಂದೆ ನಾಲ್ಕು ಕಾಲಿನ ಮೇಲೆ ಓಡಾಡಿದ, ಬೆಕ್ಕಿನ ಗಾತ್ರದ ಈ ಜೀವಿ ತಿಮಿಂಗಿಲಗಳ ಹತ್ತಿರದ ದಾಯಾದಿಯೆಂದು ೨೦೦೭ರಲ್ಲಿ ಲೋಕಕ್ಕೆ ತಿಳಿಯಿತು.

ಮುಂದಿನ ಪುಟಗಳು ಕಚ್ಛದಲ್ಲಿವೆ. ಅಲ್ಲಿ ಅಶೋಕ ಸಾಹ್ನಿ ಮತ್ತು ವಿ. ಪಿ. ಮಿಶ್ರ ಅವರು ೧೯೭೦ರ ದಶಕದಲ್ಲಿ ವರ್ಣಿಸಿದ ಪ್ರಾಚೀನ ತಿಮಿಂಗಿಲಗಳಿಗೆ ಇನ್ನೂ ಕಾಲುಗಳಿದ್ದುವು. ಆದರೆ ಕಿವಿ ಆಗಲೇ ನೀರಿಗೆ ಒಗ್ಗತೊಡಗಿತ್ತು. ಕೆಳದವಡೆಯ ಹಿಂಭಾಗದಲ್ಲಿ ದೊಡ್ಡ ರಂಧ್ರ. ಅದರಲ್ಲಿ ತುಂಬಿದ ಕೊಬ್ಬಿನ ಮೂಲಕ ನೀರಿನ ಸದ್ದು ದವಡೆಯಿಂದ ಕಿವಿಗೆ ಸೇರುತ್ತಿತ್ತು.

ಸುಮಾರು ೩.೪ ಕೋಟಿ ವರ್ಷಗಳ ಹಿಂದೆ ಈ ವಂಶ ಎರಡು ಕವಲಾಯಿತು. ಡಾಲ್ಫಿನ್ನುಗಳೂ ಸೇರಿದ ಹಲ್ಲುಳ್ಳ ಕವಲು ಹೊಸದೊಂದು ವಿದ್ಯೆಯನ್ನು ಪಡೆಯಿತು. ಮೂಗಿನ ನಾಳದಲ್ಲಿ ‘ಟಿಕ್ ಟಿಕ್’ ಎಂಬ ಸೂಕ್ಷ್ಮ ಶಬ್ದವನ್ನು ಹುಟ್ಟಿಸಿ, ಹಣೆಯ ಕೊಬ್ಬಿನ ಗಡ್ಡೆಯಿಂದ ಮುಂದಕ್ಕೆ ಬೀರಿ, ಮರಳಿದ ದನಿಯನ್ನು ದವಡೆಯಲ್ಲಿ ಹಿಡಿದು, ಕತ್ತಲ ನೀರಿನಲ್ಲಿಯೂ ಮೀನಿನ ಇರವನ್ನು ಅರಿಯುವ ವಿದ್ಯೆ ಅದು. ಶಬ್ದ ಕಲ್ಲಾಗಿ ಉಳಿಯುವುದಿಲ್ಲ. ಆದರೆ ಅದಕ್ಕಾಗಿ ರೂಪುಗೊಂಡ ತಲೆಬುರುಡೆ ಉಳಿಯುತ್ತದೆ.

ಅಂಥ ಒಂದು ಬುರುಡೆ ೨೦೧೮ರಲ್ಲಿ ಪೆರು ದೇಶದ ನಾಪೊ ನದಿಯ ದಂಡೆಯಲ್ಲಿ ಆಲ್ಡೊ ಬೆನಿಟೆಸ್-ಪಾಲೊಮಿನೊ ಅವರ ತಂಡಕ್ಕೆ ದೊರೆಯಿತು. ಒಂದು ಕೋಟಿ ಅರವತ್ತು ಲಕ್ಷ ವರ್ಷಗಳಷ್ಟು ಹಳೆಯದು. ಪ್ರಾಣಿಯ ಉದ್ದ ಮೂರು ಮೀಟರಿಗೂ ಮೇಲೆ. ೨೦೨೪ರಲ್ಲಿ ಅದಕ್ಕೆ ‘ಪೆಬನಿಸ್ಟ’ ಎಂಬ ಹೆಸರು ಬಂದಿತು. ಅಮೆಜಾನಿನ ಇಂದಿನ ಡಾಲ್ಫಿನ್ನಿಗೆ ಅದು ಹತ್ತಿರದ ನೆಂಟನಿರಬೇಕೆಂದು ಯಾರೂ ಊಹಿಸಿಯಾರು. ಆದರೆ ಕಣ್ಣುಗಳ ಮೇಲ್ಭಾಗದಲ್ಲಿ ಎದ್ದ ಎಲುಬಿನ ಏಣುಗಳು ಬೇರೆಯೇ ಸಾಕ್ಷಿ ನುಡಿದುವು. ಅದರ ಹತ್ತಿರದ ಸಂಬಂಧಿ ಇರುವುದು ಭೂಮಂಡಲದ ಇನ್ನೊಂದು ಮಗ್ಗುಲಿನಲ್ಲಿ, ಗಂಗೆ ಮತ್ತು ಸಿಂಧೂ ನದಿಗಳಲ್ಲಿ! ಒಂದಾನೊಂದು ಕಾಲದಲ್ಲಿ ಕಡಲುಗಳಲ್ಲಿ ಹರಡಿದ್ದ ಆ ಕುಲದಲ್ಲಿ ಇಂದು ಉಳಿದಿರುವುವು ಈ ಎರಡು ನದಿಗಳವು ಮಾತ್ರ.

ಗಂಗೆಯ ಡಾಲ್ಫಿನ್ನಿನ ಕಣ್ಣಿನಲ್ಲಿ ಮಸೂರವೇ ಇಲ್ಲ. ಕೆಸರುನೀರಿನಲ್ಲಿ ಅದು ಬದುಕುವುದು ಕಿವಿಯ ಬಲದಿಂದ. ಅಮರಕೋಶ ಹೆಸರಿಸುವ ಶಿಶುಮಾರ ಇದೇ ಎಂಬ ಅಭಿಪ್ರಾಯವಿದೆ. ಅಶೋಕ ಚಕ್ರವರ್ತಿ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದೆಂದು ವಿಧಿಸಿದ ಪ್ರಾಣಿಗಳಲ್ಲಿ ಬರುವ ‘ಗಂಗಾಪುಪುಟಕ’ವೂ ಇದೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ೨೦೦೯ರಲ್ಲಿ ಭಾರತ ಇದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. ೨೦೨೫ರಲ್ಲಿ ಪ್ರಕಟವಾದ ಎಣಿಕೆಯಂತೆ ದೇಶದಲ್ಲಿರುವ ನದಿ ಡಾಲ್ಫಿನ್ನುಗಳು ೬,೩೨೭. ಅವುಗಳಲ್ಲಿ ಸಿಂಧೂ ಬಗೆಯವು ಮೂರೇ ಮೂರು.

ಬಲೆ, ಅಣೆಕಟ್ಟು, ಮಲಿನ ನೀರು—ಇವುಗಳ ಬಾಧೆ ಎಲ್ಲರಿಗೂ ತಿಳಿದದ್ದೇ. ಸದ್ದಿನ ಬಾಧೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಯಂತ್ರನೌಕೆಗಳ ಗದ್ದಲ ಗಂಗೆಯ ಡಾಲ್ಫಿನ್ನಿನ ‘ಟಿಕ್ ಟಿಕ್’ ದನಿಯನ್ನು ಮುಚ್ಚಿಹಾಕುತ್ತದೆಂದೂ, ಅದರ ದೇಹದ ದಣಿವು ಎರಡು ಪಟ್ಟಿಗೂ ಮೀರುತ್ತದೆಂದೂ ತೋರಿಸಿತು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಸಂಕಟ ಇನ್ನೂ ಹೆಚ್ಚು. ಕಣ್ಣಿಲ್ಲದವನ ಕೈಕೋಲನ್ನು ಕಸಿದರೆ ಹೇಗೋ ಹಾಗೆ.

ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಆ ಕಡಲಂಚಿನಲ್ಲಿ ಗೂನುಬೆನ್ನಿನ ಡಾಲ್ಫಿನ್ನುಗಳಿವೆ. ಅವೂ ಕಿವಿಯಿಂದ ಕಾಣುವ ಕುಲದವೇ. ಪುತ್ತೂರಿನ ಕಲ್ಲಿನಲ್ಲಿ ಅವುಗಳ ಹಿರಿಯರ ಎಲುಬು ಇಲ್ಲದಿದ್ದರೇನು? ಪುತ್ತೂರಿನ ಹೊಳೆ ಸೇರುವ ನೀರಿನಲ್ಲಿ ಅವು ಇನ್ನೂ ಕಿವಿಗೊಟ್ಟು ಬದುಕಿವೆ. ಪೆರುವಿನ ಆ ಸೋದರನನ್ನು ನುಂಗಿದ್ದು ಕಾಲ. ಅದನ್ನು ತಡೆಯಲು ಅಂದು ಯಾರೂ ಇರಲಿಲ್ಲ. ಗಂಗೆಯ ದಂಡೆಯಲ್ಲಿಯೂ ಕಡಲ ದಂಡೆಯಲ್ಲಿಯೂ ಇಂದು ಮನುಷ್ಯನಿದ್ದಾನೆ. ಸದ್ದು ಅವನದು, ಅದನ್ನು ತಗ್ಗಿಸುವ ಹೊಣೆಯೂ ಅವನದೇ.