ಹಣಕ್ಕೂ ಒಂದು ವಾಯಿದೆ ಉಂಟು

ವಾಯಿದೆ ನಿಗದಿಪಡಿಸದೆ ಯಾವ ವರ್ತಕನೂ ಸರಕನ್ನು ಉದ್ದರಿ ಕೊಡುವುದಿಲ್ಲ. ಆದರೆ ಅದೇ ವರ್ತಕ ಮ್ಯೂಚುವಲ್ ಫಂಡಿನಲ್ಲಿ ಹಣ ತೊಡಗಿಸುವಾಗ, ಕಳೆದ ವರ್ಷ ಎಷ್ಟು ಲಾಭ ಬಂದಿದೆ ಎಂದಷ್ಟೇ ವಿಚಾರಿಸುತ್ತಾನೆ. ಆ ಹಣ ತನಗೆ ಯಾವಾಗ ಮರಳಿ ಬೇಕು ಎಂಬ ಪ್ರಶ್ನೆಯೇ ಮೊದಲು ಬರಬೇಕಾದದ್ದು.

2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು. ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. ಮಗಳ ಉನ್ನತ ವ್ಯಾಸಂಗಕ್ಕೆಂದು ತೆಗೆದಿರಿಸಿದ ಹಣ ಅಷ್ಟು ಕಾಲ ಕಾಯಬಲ್ಲದು. ಕಚ್ಚಾ ಸಾಮಗ್ರಿಗೆ ಪಾವತಿಸಬೇಕಾದ ಹಣ, ಜಿಎಸ್‌ಟಿ ಮತ್ತು ಮುಂಗಡ ತೆರಿಗೆಯ ಹಣ ಕಾಯಲಾರದು. ಇವೆರಡನ್ನೂ ಒಂದೇ ಗಲ್ಲಾಪೆಟ್ಟಿಗೆಯ ಹಣವೆಂದು ಭಾವಿಸುವುದೇ ಬಹುಪಾಲು ನಷ್ಟಗಳ ಮೂಲ.

ವ್ಯವಹಾರದಲ್ಲಿ ಹಣ ಮಿಗುತ್ತಿದ್ದರೆ ಅದು ಮೊದಲು ಕ್ಯಾಶ್ ಕ್ರೆಡಿಟ್ ಖಾತೆಯ ಸಾಲವನ್ನು ತಗ್ಗಿಸಲಿ. ಬ್ಯಾಂಕಿಗೆ ಹೆಚ್ಚು ಬಡ್ಡಿ ತೆರುತ್ತಾ ಲಿಕ್ವಿಡ್ ಫಂಡಿನಲ್ಲಿ ಕಡಿಮೆ ಗಳಿಸುವುದು ಜಾಣತನವಲ್ಲ. ಸಾಲವಿಲ್ಲದವರು ಕೆಲವು ವಾರಗಳ ಮಟ್ಟಿಗೆ ಲಿಕ್ವಿಡ್ ಫಂಡನ್ನು ಆರಿಸಬಹುದು. ಏಳು ದಿನಗಳೊಳಗೆ ಹಿಂಪಡೆದರೆ ಅಲ್ಪ ಶುಲ್ಕ ಉಂಟು. ಹೆಚ್ಚಿನ ಪ್ರತಿಫಲದ ಆಸೆಗೆ ದುರ್ಬಲ ಸಾಲಪತ್ರಗಳ ಫಂಡುಗಳತ್ತ ವಾಲುವುದು ತರವಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿದಾಗ ಹೂಡಿಕೆದಾರರ ಹಣ ಸಿಲುಕಿಕೊಂಡಿತು. ಮುಂದೆ ಕಂತುಕಂತಾಗಿ ಮರಳಿತಾದರೂ, ಬೇಕಾದ ದಿನ ಕೈಗೆ ಬರಲಿಲ್ಲ.

ಕುಟುಂಬದ ದೀರ್ಘಕಾಲದ ಹಣಕ್ಕೆ ಈಕ್ವಿಟಿ ಫಂಡಿನ ಮಾಸಿಕ ಕಂತು, ಅಂದರೆ ಎಸ್‌ಐಪಿ, ಸೂಕ್ತ. ಆದರೆ ವರ್ತಕನ ಆದಾಯ ಸಂಬಳದಂತೆ ಸಮನಾಗಿ ಬರುವುದಿಲ್ಲ. ದೀಪಾವಳಿಯ ವಹಿವಾಟನ್ನು ಕಂಡು ಕಂತು ಗೊತ್ತುಮಾಡಿದವರು ಆಷಾಢದಲ್ಲಿ ಅದನ್ನು ನಿಲ್ಲಿಸುತ್ತಾರೆ. ಆಷಾಢಕ್ಕೆ ತಾಳುವಷ್ಟೇ ಕಂತು ಇರಲಿ. ಹಬ್ಬದ ಹೆಚ್ಚುವರಿಯನ್ನು ಪ್ರತ್ಯೇಕವಾಗಿ ಸೇರಿಸಬಹುದು.

ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದ ಲಭ್ಯವಿದೆ. ವೆಚ್ಚದಲ್ಲಿ ಶೇಕಡಾ 1ರ ವ್ಯತ್ಯಾಸವೆಂದರೆ 10 ಲಕ್ಷಕ್ಕೆ ವರ್ಷಕ್ಕೆ 10,000 ರೂಪಾಯಿ. ಸಲಹೆ ಬೇಕಾದವರು ಅದಕ್ಕೆ ಬೆಲೆ ತೆರುವುದು ತಪ್ಪಲ್ಲ. ಸಲಹೆಯೇ ದೊರೆಯದೆ ತೆರುವುದು ತಪ್ಪು.

ತೆರಿಗೆಯ ಲೆಕ್ಕವೂ ಬದಲಾಗಿದೆ. 2023ರ ಏಪ್ರಿಲ್ 1ರಿಂದ ಕೊಂಡ ಸಾಲಪತ್ರ ಫಂಡುಗಳ ಲಾಭ, ಎಷ್ಟೇ ವರ್ಷ ಇಟ್ಟುಕೊಂಡರೂ, ವ್ಯಕ್ತಿಯ ಇತರ ಆದಾಯದ ದರದಲ್ಲೇ ತೆರಿಗೆಗೆ ಒಳಪಡುತ್ತದೆ. ಬ್ಯಾಂಕ್ ಠೇವಣಿಗಿಂತ ಇದರಲ್ಲಿ ತೆರಿಗೆಯ ದರ ಕಡಿಮೆ ಎಂಬ ಹಳೆಯ ವಾದಕ್ಕೆ ಈಗ ಆಧಾರವಿಲ್ಲ.

ಕೊನೆಯದಾಗಿ, ಹೂಡಿಕೆ ಯಾರ ಹೆಸರಿನಲ್ಲಿರಬೇಕು ಎಂಬುದು. ಪಾಲುದಾರಿಕೆ ಸಂಸ್ಥೆಯಾಗಲಿ ಅವಿಭಕ್ತ ಹಿಂದೂ ಕುಟುಂಬವಾಗಲಿ ನಾಮನಿರ್ದೇಶನ ಮಾಡುವಂತಿಲ್ಲ. ವ್ಯಕ್ತಿಗೆ ಮಾತ್ರ ಆ ಅವಕಾಶ. ಮನೆಯ ಭವಿಷ್ಯಕ್ಕೆಂದು ಕೂಡಿಟ್ಟ ಹಣ ಫರ್ಮಿನ ಪುಸ್ತಕದಲ್ಲಿದ್ದರೆ, ಯಜಮಾನ ಇಲ್ಲವಾದ ದಿನ ಪತ್ನಿ ಮಕ್ಕಳು ಪಾಲುದಾರರ ಲೆಕ್ಕ ಇತ್ಯರ್ಥವಾಗುವವರೆಗೆ ಕಾಯಬೇಕಾದೀತು. ಅಂಗಡಿಯ ಹಣ ಅಂಗಡಿಯ ಹೆಸರಿನಲ್ಲಿ, ಮನೆಯ ಹಣ ಮನೆಯವರ ಹೆಸರಿನಲ್ಲಿ, ಪ್ರತಿಯೊಂದಕ್ಕೂ ಅದರ ವಾಯಿದೆಗೆ ತಕ್ಕ ಫಂಡು: ಇಷ್ಟು ಶಿಸ್ತು ಪಾಲಿಸುವ ವರ್ತಕನಿಗೆ ಮಾರುಕಟ್ಟೆ ಕುಸಿದ ದಿನವೂ ನಷ್ಟಕ್ಕೆ ಮಾರುವ ಪ್ರಮೇಯ ಬಾರದು.