ಆಟ ಕಟ್ಟಿದವನಿಗೇ ಆಟದ ಒಡೆತನವಿರಲಿ!

ನಮ್ಮೂರಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಗೆಳೆಯರೊಬ್ಬರ ಮಗ ಈಗ ಬೆಂಗಳೂರಿನ ಉತ್ತರದಂಚಿನಲ್ಲಿ, ಯಲಹಂಕದ ಪಕ್ಕದ ಕೋಗಿಲಿನಲ್ಲಿದ್ದಾನೆ. ಹಗಲು ಒಂದು ಕಂಪೆನಿಯಲ್ಲಿ ಸಂಬಳದ ದುಡಿಮೆ. ರಾತ್ರಿ ಬಾಡಿಗೆ ಕೋಣೆಯಲ್ಲಿ ಇಬ್ಬರು ಗೆಳೆಯರೊಡನೆ ವಿಡಿಯೊ ಆಟ ಕಟ್ಟುವ ಕೆಲಸ. ಕಳೆದ ತಿಂಗಳು ಅವನನ್ನು ನೋಡಲು ಹೋಗಿದ್ದಾಗ ಕರಾರು ಪತ್ರವೊಂದನ್ನು ನಮ್ಮ ಮುಂದಿಟ್ಟು, “ಮಾವ, ಇದಕ್ಕೆ ಸಹಿ ಹಾಕಲಾ, ಬೇಡವಾ? ಓದಿ ಹೇಳಿ” ಎಂದ. ಓದಿದೆವು. ಗಿರಣಿ ಮಾಲೀಕರ ಕರಾರುಗಳನ್ನು ಓದಿ ಪಳಗಿದ ಕಣ್ಣಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ!

ದುಡಿಯುವವರ ಪತ್ರಿಕೆಯಲ್ಲಿ ಆಟದ ಮಾತೇಕೆ ಎಂದು ಕೆಲವರು ಕೇಳಬಹುದು. ಇದು ರಮ್ಮಿಯಲ್ಲ, ಬಾಜಿಯಲ್ಲ. ಹಣ ಕಟ್ಟಿ ಆಡಿಸುವ ಆ ಜೂಜನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿ ನಿಷೇಧಿಸಿತು. ಇಲ್ಲಿ ನಾವು ಹೇಳುತ್ತಿರುವುದು ಕತೆ, ಚಿತ್ರ, ಸಂಗೀತ, ಗಣಿತ ನಾಲ್ಕೂ ಕೂಡಿದ ಒಂದು ಕಸುಬಿನ ಮಾತು. ನಾಟಕದಂತೆ, ಸಿನಿಮಾದಂತೆ ಇದೂ ಒಂದು ಕಲೆ. ಕಲೆಯಿದ್ದಲ್ಲಿ ದುಡಿಮೆಯಿದೆ, ದುಡಿಮೆಯಿದ್ದಲ್ಲಿ ಅದರ ಫಲ ಯಾರಿಗೆ ಎಂಬ ಪ್ರಶ್ನೆಯೂ ಇದೆ.

ಈ ಕಲೆಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ಬಂಡವಾಳಗಾರನ ಪೆಟ್ಟಿಗೆಯಿಂದಲ್ಲ. ಜಪಾನಿನ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೋ ಸೇರಿದ ಯಾಸುಹಿರೊ ವಾಡಾ ಎಂಬಾತ ಬಿಟ್ಟು ಬಂದ ಹಳ್ಳಿಯ ನೆನಪಿನಿಂದ ಬೇಸಾಯದ ಆಟವೊಂದನ್ನು ಮಾಡಿದ; 1996ರಲ್ಲಿ ಬಂದ ಅದರ ಇಂಗ್ಲಿಷ್ ಹೆಸರು ‘ಹಾರ್ವೆಸ್ಟ್ ಮೂನ್’. ಅದನ್ನು ಆಡಿ ಬೆಳೆದ ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಹೊರತಂದ. ನಮ್ಮ ಜಗಲಿಯ ಚೌಕಾಬಾರ, ಗುಡಿಯ ಕಲ್ಲುಹಾಸಿನ ಮೇಲೆ ಗೆರೆ ಕೊರೆದ ಹುಲಿ-ಕುರಿ, ಅಜ್ಜಿಯ ಅಳಗುಳಿ ಮಣೆ, ಇವುಗಳನ್ನು ಕಟ್ಟಿದವರೂ ಹೆಸರಿಲ್ಲದ ಜನರೇ.

ನಮ್ಮ ಹುಡುಗನ ಆಟದಲ್ಲೇನಿದೆ? ಒಂದು ಗಿರಣಿಯಿದೆ. ರಾತ್ರಿ ಪಾಳಿಯ ತಂದೆಗೆ ಬುತ್ತಿ ಹೊತ್ತು ಹೋಗುವ ಮಗುವಿದೆ. ಒಂದು ದಿನ ಗಿರಣಿಯ ಕೂಗು ನಿಂತುಹೋಗುತ್ತದೆ. ಇದು ಅವನ ತಂದೆಯ ಬಾಳು. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಬಾಳು. ಕರಾರಿನ ಮೂರನೆಯ ಕಲಮು ಹೇಳುತ್ತದೆ: ಆಟದ ಹೆಸರು, ಪಾತ್ರ, ಕತೆ, ಮುಂದಿನ ಭಾಗಗಳ ಹಕ್ಕು ಎಲ್ಲವೂ ಪ್ರಕಾಶಕನಿಗೆ ಸೇರತಕ್ಕದ್ದು! ಗಿರಣಿ ಮುಚ್ಚಿದಾಗ ತಂದೆಯ ಕೆಲಸ ಹೋಯಿತು. ಈಗ ಮಗನ ಸಹಿಯಿಂದ ಆ ಕತೆಯೂ ಹೋಗಬೇಕೇ?

ಇನ್ನು ಹಣದ ಲೆಕ್ಕ. ನಮ್ಮ ವರ್ತಕ ಬಂಧುಗಳು ಇದನ್ನು ಗಮನವಿಟ್ಟು ಓದಬೇಕು. ಉದಾಹರಣೆಗೆ ಪ್ರಕಾಶಕನು 20 ಲಕ್ಷ ಮುಂಗಡ ಕೊಟ್ಟು ಪ್ರಚಾರಕ್ಕೆ 10 ಲಕ್ಷ ಖರ್ಚು ಬರೆದನೆನ್ನಿ. ಆಟದ ಬೆಲೆ 100 ರೂಪಾಯಿ. ಸ್ಟೀಮ್ ಎಂಬ ಜಗತ್ತಿನ ದೊಡ್ಡ ಅಂಗಡಿ ಮೊದಲು 30 ರೂಪಾಯಿ ಮುರಿದುಕೊಳ್ಳುತ್ತದೆ. ಉಳಿದ 70ರಿಂದ 30 ಲಕ್ಷ ತೀರಬೇಕಾದರೆ ಸುಮಾರು 43 ಸಾವಿರ ಪ್ರತಿ ಮಾರಾಟವಾಗಬೇಕು. ಅಲ್ಲಿಯವರೆಗೆ ಕಟ್ಟಿದವನಿಗೆ ಬಿಡಿಗಾಸಿಲ್ಲ. ಇದಕ್ಕಿಂತ ಕೆಟ್ಟ ಕರಾರೂ ಉಂಟು. ಅದರಲ್ಲಿ ಅರ್ಧರ್ಧ ಪಾಲೆಂದು ಹೇಳಿ, ಸಾಲವನ್ನು ಕಟ್ಟಿದವನ ಅರ್ಧದಿಂದ ಮಾತ್ರವೇ ವಸೂಲು ಮಾಡುತ್ತಾರೆ. ಆಗ ಸುಮಾರು 86 ಸಾವಿರ ಪ್ರತಿ ಮಾರಿದ ಮೇಲೆಯೇ ಇವನಿಗೆ ಮೊದಲ ರೂಪಾಯಿ. ಅಷ್ಟರಲ್ಲಿ ಪ್ರಕಾಶಕನು ಹಾಕಿದ 30 ಲಕ್ಷ ವಾಪಸು ಪಡೆದು, ಮೇಲೆ ಇನ್ನೊಂದು 30 ಲಕ್ಷ ಎಣಿಸಿ ಮುಗಿಸಿರುತ್ತಾನೆ.

ಅಂಗಡಿಯ ನ್ಯಾಯವನ್ನೂ ನೋಡಿ. 2018ರಿಂದ ಸ್ಟೀಮ್‌ನಲ್ಲಿ ಒಂದು ಆಟದ ಮಾರಾಟ 1 ಕೋಟಿ ಡಾಲರ್ ದಾಟಿದರೆ ಅದರಾಚೆಗಿನದಕ್ಕೆ ದಲ್ಲಾಳಿ 25. 5 ಕೋಟಿ ಡಾಲರ್ ದಾಟಿದರೆ 20. ಬಡವನಿಗೆ 30, ಸಾಹುಕಾರನಿಗೆ 20! ಯಶವಂತಪುರದ ಮಂಡಿಗೆ ಸರಕು ತಂದ ಯಾವ ರೈತನಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಯಲಹಂಕ ದಾಟಿ ದೊಡ್ಡಬಳ್ಳಾಪುರಕ್ಕೆ ಹೋದರೆ ಇದೇ ಏರ್ಪಾಡು ಮಗ್ಗದ ಮನೆಗಳಲ್ಲಿ ಕಾಣುತ್ತದೆ. ಸಾಹುಕಾರ ನೂಲು ಕೊಡುತ್ತಾನೆ, ಮುಂಗಡ ಕೊಡುತ್ತಾನೆ, ಸೀರೆ ಒಯ್ಯುತ್ತಾನೆ. ಮುಂಗಡ ತೀರುವುದಿಲ್ಲ, ನೇಕಾರ ಬಿಡುಗಡೆಯಾಗುವುದಿಲ್ಲ. ಕಂಪ್ಯೂಟರು ಬಂದ ಮಾತ್ರಕ್ಕೆ ಏರ್ಪಾಡು ಬದಲಾಗಲಿಲ್ಲ.

ಪ್ರಕಾಶಕರೆಲ್ಲರೂ ಕಳ್ಳರೆಂದು ನಾವು ಹೇಳುವುದಿಲ್ಲ. ಆಟವನ್ನು ಪರೀಕ್ಷಿಸುವುದು, ಹತ್ತು ಭಾಷೆಗೆ ತರುವುದು, ಹೊರದೇಶದ ಪತ್ರಿಕೆಗಳಿಗೆ ಮುಟ್ಟಿಸುವುದು, ಇವೂ ಕೆಲಸಗಳೇ. ಅದಕ್ಕೆ ಕೂಲಿ ಸಲ್ಲಬೇಕು. ಬರೋನ್ ಕೂಡ ಚಕಲ್‌ಫಿಶ್ ಎಂಬ ಪ್ರಕಾಶಕರೊಡನೆ ಕೈಜೋಡಿಸಿದ್ದ. ಆದರೆ ಒಡೆತನವನ್ನು ಕೈಬಿಡಲಿಲ್ಲ. ಆದುದರಿಂದಲೇ 2018ರ ಕೊನೆಗೆ ಹೆಚ್ಚಿನ ಪ್ರಕಟಣೆಯ ಕೆಲಸವನ್ನು ತನ್ನ ಕೈಗೇ ತೆಗೆದುಕೊಳ್ಳಲು ಅವನಿಗೆ ಸಾಧ್ಯವಾಯಿತು. ಪಾಲುದಾರಿಕೆ ಬೇರೆ, ಜೀತ ಬೇರೆ.

ಒಡೆತನವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಈ ದೇಶದ ಮೊದಲ ಆಟದ ಸಂಸ್ಥೆಗಳಲ್ಲೊಂದು. ಅದರ ಕಲಾವಿದರು ಮೈಕ್ರೋಸಾಫ್ಟಿನ ‘ಫೋರ್ಜಾ’ದಂಥ ಪ್ರಸಿದ್ಧ ಆಟಗಳಿಗೆ ಕೆಲಸ ಮಾಡಿಕೊಟ್ಟರು. ಕೈಚಳಕ ನಮ್ಮದು, ಹೆಸರು ಪರರದು. ಸಂಸ್ಥೆ ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಯಿತು. ಅದಕ್ಕೆ ಹಣದ ಮುಗ್ಗಟ್ಟು ಬಂದಾಗ, 2019ರಲ್ಲಿ ಸುಮಾರು 79 ಲಕ್ಷ ಡಾಲರಿಗೆ ಅಮೆರಿಕದ ರಾಕ್‌ಸ್ಟಾರ್ ಕೈ ಸೇರಿತು. ಸ್ವೀಡನ್ನಿನವರ ಸಂಕಟಕ್ಕೆ ಬೆಂಗಳೂರಿನ ಸಂಸ್ಥೆ ಮಾರಾಟ! ಪ್ರಕಾಶಕನೂ ಶಾಶ್ವತನಲ್ಲ. 2024ರ ಜುಲೈಯಲ್ಲಿ ಹಂಬಲ್ ಗೇಮ್ಸ್ ಎಂಬ ಪ್ರಕಾಶನ ಸಂಸ್ಥೆಯ 36 ಮಂದಿ ನೌಕರರಷ್ಟನ್ನೂ ಕೆಲಸದಿಂದ ತೆಗೆದರೆಂದು ಆ ನೌಕರರೇ ಹೇಳಿದರು. ಹಕ್ಕು ಬರೆದುಕೊಟ್ಟವನು ಅಂಥ ಸಮಯದಲ್ಲಿ ಯಾರ ಬಾಗಿಲು ತಟ್ಟಬೇಕು?

ರಾಜ್ಯ ಸರಕಾರ ಈ ಉದ್ಯಮಕ್ಕೆ 2024ರಿಂದ 2029ರವರೆಗಿನ ನೀತಿಯೊಂದನ್ನು ಘೋಷಿಸಿದೆ. ಮೂವತ್ತು ಸಾವಿರ ಉದ್ಯೋಗದ ಮಾತಾಡಿದೆ. ಉದ್ಯೋಗ ಬೇಕು, ಬೇಡವೆನ್ನುವವರಾರು? ಆದರೆ ನಾವು ಕೇಳುತ್ತೇವೆ: ಮೂವತ್ತು ಸಾವಿರ ಕೂಲಿಗಳೋ, ಮೂವತ್ತು ಸಾವಿರ ಒಡೆಯರೋ?

ಒಡೆತನ ಕನಸಲ್ಲ. ಮಾಲೀಕರು ಬೇಡವೆಂದ ಕಾಫಿ ಹೌಸುಗಳನ್ನು ಕಾರ್ಮಿಕರೇ ನಡೆಸಲು 1957ರಲ್ಲಿ ಮೊದಲ ಸಹಕಾರ ಸಂಘ ಕಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಕೋಗಿಲಿನ ಹುಡುಗ ಬೆಳಗ್ಗೆ ಕುಡಿಯುವ ನಂದಿನಿ ಹಾಲು ಉತ್ಪಾದಕರ ಸಹಕಾರದ್ದು. ಅದರ ದೊಡ್ಡ ಡೇರಿ ಯಲಹಂಕದಲ್ಲೇ ಇದೆ. ಆಟದ ಕಸುಬಿನಲ್ಲೂ ಇದು ನಡೆದಿದೆ. ಫ್ರಾನ್ಸಿನ ಬೋರ್ಡೋ ನಗರದ ಮೋಷನ್ ಟ್ವಿನ್ ದುಡಿಯುವವರದೇ ಸಹಕಾರ ಸಂಸ್ಥೆ, ಎಲ್ಲರಿಗೂ ಸಮ ಸಂಬಳ. ಅದು 2018ರಲ್ಲಿ ಪೂರ್ಣವಾಗಿ ಹೊರತಂದ ‘ಡೆಡ್ ಸೆಲ್ಸ್’ 2023ರ ವೇಳೆಗೆ 1 ಕೋಟಿ ಪ್ರತಿ ಮಾರಾಟವಾಯಿತು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸರಕಾರದ ನೆರವು ಆಟದ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡ ಸಣ್ಣ ತಂಡಗಳಿಗೆ, ಸಹಕಾರ ಸಂಘಗಳಿಗೆ ಮೊದಲು ಸಲ್ಲಲಿ. ಕರಾರು ಓದಿಸಿಕೊಳ್ಳಲು ಅವರಿಗೆ ವಕೀಲರ ಸಹಾಯ ಸಿಗಲಿ. ಹುಡುಗರಿಗೂ ಒಂದು ಮಾತು: ಒಬ್ಬೊಬ್ಬರೇ ಸಹಿ ಹಾಕಬೇಡಿ, ಕೂಡಿ ಕುಳಿತು ಓದಿ, ಕೂಡಿ ಚೌಕಾಸಿ ಮಾಡಿ.

ನಮ್ಮ ಹುಡುಗ ಸಹಿ ಹಾಕಲಿಲ್ಲ. ಕತೆಯ ಹಕ್ಕು ನಮ್ಮಲ್ಲೇ ಇರಬೇಕು, ಸಾಲ ಒಟ್ಟು ವರಮಾನದಿಂದ ತೀರಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ತೋರಿಸಬೇಕು, ಪ್ರಕಾಶನ ಮುಚ್ಚಿದರೆ ಆಟ ಮರಳಿ ಬರಬೇಕು ಎಂದು ನಾಲ್ಕು ಷರತ್ತು ಬರೆದು ಕಳುಹಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಹೋಗಬಹುದು. ಆದರೂ ಅವನ ತಂದೆ ಸುದ್ದಿ ಕೇಳಿ, “ಒಳ್ಳೆಯದಾಯ್ತು ಬಿಡಿ” ಎಂದರು. ಗಿರಣಿ ಬಾಗಿಲಲ್ಲಿ ಹೋರಾಡಿದವರಿಗೆ ಈ ಮಾತಿನ ಬೆಲೆ ಗೊತ್ತು.